ಬಸವಣ್ಣನ ಸುತ್ತ ಒಂದು ರೈಲು

ಶಿವಶಂಕರಪ್ಪನವರಿಗೆ ಊಟ ಮುಗಿದರೂ ‘ಲೈನ್ ಕ್ಲಿಯರ್’, ಹೋದ ಕರೆಂಟು ಬಂದರೂ ‘ಲೈನ್ ಕ್ಲಿಯರ್’, ನೆಂಟರ ಮನೆಯ ಹುಡುಗಿಗೆ ಗಂಡು ಗೊತ್ತಾಯಿತೆಂಬ ಸುದ್ದಿ ಬಂದರೂ ಬಲಗೈ ಮೇಲೆತ್ತಿ ಅದೇ ‘ಲೈನ್ ಕ್ಲಿಯರ್’. ರೈಲ್ವೆ ಇಲಾಖೆಯಲ್ಲಿ ಸವೆದು ನಿವೃತ್ತವಾದ ಜೀವ ಎಂದು ಹೊಸಬರು ಭಾವಿಸಿದರೆ ತಪ್ಪು ಅವರದಲ್ಲ. ಕಡುಬೇಸಿಗೆಯಲ್ಲೂ ಬಿಚ್ಚದ ಆ ಕರಿಯ ಕೋಟು, ಅದರ ಹಿತ್ತಾಳೆ ಗುಂಡಿಗಳು, ಹಳಿಯ ಅಡ್ಡಪಟ್ಟಿಗಳ ಮೇಲೆಯೇ ಕಾಲಿಟ್ಟು ರೂಢಿಯಾಗಿ ಡಾಂಬರು ರಸ್ತೆಯಲ್ಲೂ ಅಷ್ಟಷ್ಟೇ ಅಳತೆಯ ಹೆಜ್ಜೆ ಹಾಕುವ ಆ ನಡಿಗೆ, ಎಲ್ಲವೂ ಹಾಗೆ ನಂಬಿಸುವಂಥವೇ. ನಿಜವೆಂದರೆ ಅವರು ಕರಿಮೆಣಸಿನ ವ್ಯಾಪಾರಿ. ರೈಲೇ ಇಲ್ಲದ ಕೊಡಗಿನಲ್ಲಿ ಹುಟ್ಟಿ, ಮೆಣಸಿನ ಮೂಟೆಗಳ ಜೊತೆ ಹಾಸನಕ್ಕೆ ಹೋದಾಗ ಮೊದಲ ಬಾರಿಗೆ ರೈಲು ಕಂಡು, ಅದು ಹೋಗಿ ಎಷ್ಟೋ ಹೊತ್ತಾದ ಮೇಲೂ, ಲಾರಿಯವನು ಹಾರನ್ ಹೊಡೆದು ಸುಸ್ತಾಗುವವರೆಗೂ ಗೇಟಿನ ಬಳಿ ಬಾಯಿ ಬಿಟ್ಟುಕೊಂಡು ನಿಂತ ಆಸಾಮಿ.

ಆ ಮೋಹ ಅರವತ್ತರ ನಂತರ ಹಣ್ಣಾಯಿತು. ಶನಿವಾರಸಂತೆಯಿಂದ ತುಸು ಆಚೆ, ರಸ್ತೆಗೆ ತಾಗಿದ ಅವರ ಜಮೀನಿನಲ್ಲಿ ಪತ್ನಿ ಗುರುಸಿದ್ದಮ್ಮ ಜೇನು, ಕಾಫಿಪುಡಿ, ಮಜ್ಜಿಗೆ ಮಾರುವ ಅಂಗಡಿ ಇಟ್ಟಿದ್ದರು. ಪ್ರವಾಸಿಗರ ಕಾರುಗಳು ನಿಲ್ಲುತ್ತಿದ್ದವು. ದೊಡ್ಡವರು ಜೇನಿನ ಬಾಟಲಿ ಮೂಸುತ್ತಿರುವಾಗ ಮಕ್ಕಳು ಬೇಸತ್ತು ರಚ್ಚೆ ಹಿಡಿಯುತ್ತಿದ್ದವು. ಈ ಮಕ್ಕಳಿಗೊಂದು ರೈಲು ಬೇಡವೇ ಎಂದು ಶಿವಶಂಕರಪ್ಪ ಹೊರಟೇಬಿಟ್ಟರು. ಪಾಲಿಬೆಟ್ಟದ ಕಡೆಯ ಎಸ್ಟೇಟೊಂದರಲ್ಲಿ ಕಾಫಿಹಣ್ಣಿನ ಟ್ರಾಲಿ ಓಡುತ್ತಿದ್ದ ಹಳಿಗಳು ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದವು, ಅವು ಬಂದವು. ಪವರ್ ಟಿಲ್ಲರಿನ ಎಂಜಿನ್ನಿಗೆ ತಗಡಿನ ಹೊಗೆಕೊಳವೆ ಮೂಡಿತು. ಕುಶಾಲನಗರದಲ್ಲಿ ಲೇತ್ ಇಟ್ಟಿರುವ ಸಿದ್ಧಾರ್ಥ ಪುಟ್ಟ ಬೋಗಿಗಳನ್ನು ಕಟ್ಟಿಕೊಟ್ಟ. ಜಮೀನಿನ ನಡುವೆ, ಹಲಸಿನ ಮರದಡಿ, ಅಜ್ಜನ ಕಾಲದ ಬಸವಣ್ಣನ ಕಲ್ಲೊಂದಿತ್ತು. ಅದನ್ನು ಕದಲಿಸುವ ಮಾತೇ ಇಲ್ಲವಾದ್ದರಿಂದ ಹಳಿ ಅದನ್ನು ಸುತ್ತಿಕೊಂಡು ಬಂತು. ರೈಲು ಓಡಿದ್ದು, ಹೇಳಬೇಕೆ, ಬಸವಣ್ಣನನ್ನು ಬಲಕ್ಕಿಟ್ಟುಕೊಂಡು, ಸಾಂಗವಾಗಿ ಪ್ರದಕ್ಷಿಣೆಯ ದಿಕ್ಕಿನಲ್ಲಿ. ಮಕ್ಕಳಿಗೆ ಮೋಜು, ಮಂಡಿನೋವಿನ ಅಜ್ಜಿಯರಿಗೆ ಕೂತಲ್ಲೇ ಪುಣ್ಯ.

ಎಡವಟ್ಟಾದದ್ದು ಅಲ್ಲೇ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ತಿರುಗಿದ ಬೋಗಿಗಳಲ್ಲಿ ಹೊರಸುತ್ತಿಗೆ ಬೀಳುವ ಎಡಗಡೆಯ ಚಕ್ರಗಳ ಅಂಚು ಮಾತ್ರ ಸವೆದು ಸವೆದು, ಹೋದ ದಸರಾ ರಜೆಯಲ್ಲಿ ಹಲಸಿನ ಮರದ ತಿರುವಿಗೆ ಬಂದ ಕೊನೆಯ ಬೋಗಿ ಹಳಿ ಬಿಟ್ಟು ಪಕ್ಕಕ್ಕೆ ವಾಲಿತು. ಅದರಲ್ಲಿದ್ದ ಮಡಿಕೇರಿಯ ಪುಟ್ಟ ಹುಡುಗಿ ಮಾಳವಿಕಾಗೆ ಮಂಡಿ ತರಚಿತು ಅಷ್ಟೇ, ಪುಣ್ಯಕ್ಕೆ! ಅವಳೇ ಎದ್ದು ಫ್ರಾಕು ಕೊಡವಿಕೊಂಡು, “ಅಜ್ಜಾ, ಇನ್ನೊಂದ್ಸಲ ಬೀಳ್ಸಿ” ಎಂದಳು. ಎಲ್ಲರೂ ನಕ್ಕರು, ಶಿವಶಂಕರಪ್ಪನವರೊಬ್ಬರನ್ನು ಬಿಟ್ಟು. ಅವರಿಗೆ ಕಂಡದ್ದು ಆ ಮಂಡಿಯ ಮೇಲಿನ ರಕ್ತ ಮಾತ್ರ. ಅಂದೇ ಎಂಜಿನ್ನಿಗೆ ಸರಪಳಿ ಬಿತ್ತು, ಕೋಟು ಮೊಳೆಗೇರಿತು, ‘ಲೈನ್ ಕ್ಲಿಯರ್’ ಎಂಬ ಮಾತು ಆ ಮನೆಯಲ್ಲಿ ಕೇಳಿಸದಾಯಿತು.

ಹೊಸದು ಹಾಕಿಸೋಣವೆಂದರೆ ಅಂಥ ಚಕ್ರ ಎರಕ ಹೊಯ್ಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿಯಾಗಿತ್ತು. ಸಿದ್ಧಾರ್ಥ ಬಂದು ನೆಲಕ್ಕೆ ಕೆನ್ನೆ ತಾಗಿಸಿ ನೋಡಿದ. “ಎಂಜಿನ್ ಚಕ್ರ ಗಟ್ಟಿ ಇದೆ ಸರ್. ಬೋಗಿಗಳ್ದು ಬಲಗಡೆ ಅಂಚು ಹೊಸದರ ಥರಾನೇ ಇದೆ. ಗಾಡಿ ತಿರುಗಿಸಿಟ್ಟು ಉಲ್ಟಾ ಸುತ್ತು ಓಡ್ಸಿ, ಸಾಕು.”

“ಬಸವಣ್ಣಂಗೆ ಎಡಸುತ್ತು ಹಾಕ್ಸೋದಾ? ಅದೂ ಮಕ್ಕಳನ್ನ ಕೂರಿಸ್ಕೊಂಡು? ಅದಕ್ಕಿಂತ ಗುಜರಿಗೆ ಹಾಕ್ತೀನಿ.”

ಹಠವೆಂದರೆ ಇದಪ್ಪ! ಬರಿಯ ಬಾಯಿಮಾತೂ ಅಲ್ಲ; ಶನಿವಾರ ಸಂತೆ ಮುಗಿಸಿ ಲಾರಿ ತರುವಂತೆ ಗುಜರಿಯ ಗುರುವಪ್ಪನಿಗೆ ಫೋನೂ ಹೋಯಿತು. ಶುಕ್ರವಾರ ಮಧ್ಯಾಹ್ನ ಅಂಗಡಿಯ ಜಗುಲಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತ ಗಂಡನನ್ನು ನೋಡಿ ನೋಡಿ ಗುರುಸಿದ್ದಮ್ಮನಿಗೆ ರೇಗಿಹೋಯಿತು.

“ಅಲ್ಲಾ ರೀ, ನೀವು ಮಲಗೋ ಕಡೆ ಹಾಸಿಗೆ ಕುಳಿ ಬಿದ್ರೆ ನಾನೇನು ಮನೆ ತಿರುಗಿಸ್ತೀನಾ? ತಲೆದೆಸೆ ಕಾಲ್ದೆಸೆಗೆ ಮಾಡಿ ಹಾಸಿಗೇನೇ ತಿರುಗಿಸಿ ಹಾಕಲ್ವಾ? ರೈಲು ಹೋಗೋ ಹಾಗೇ ಹೋಗ್ಲಿ. ಬೋಗಿ ಎತ್ತಿ ಹಿಂದುಮುಂದು ಮಾಡಿ ಇಡಿ!”

ಶಿವಶಂಕರಪ್ಪ ತಲೆಯಿಂದ ಕೈ ತೆಗೆದರು.

ಶನಿವಾರ ಬೆಳಿಗ್ಗೆ ಸಿದ್ಧಾರ್ಥ ತನ್ನ ಹಣೆ ತಾನೇ ಚಚ್ಚಿಕೊಂಡು ನಗುತ್ತ ಬಂದ. ಬೋಗಿಗಳು ತಿರುಗಿದವು, ಸವೆದ ಅಂಚು ಒಳಸುತ್ತಿಗೆ, ಸವೆಯದ್ದು ಹೊರಸುತ್ತಿಗೆ ಬಂತು. ಬೆಂಚುಗಳನ್ನು ಕಿತ್ತು ಮತ್ತೆ ಮುಂದಕ್ಕೆ ಮುಖ ಮಾಡಿ ಕೂರಿಸಿದ್ದಾಯಿತು. ಮಕ್ಕಳ ಜಾಗದಲ್ಲಿ ಮೆಣಸಿನ ಮೂಟೆಗಳನ್ನು ಕೂರಿಸಿ, ಎಂದೂ ತಮ್ಮ ರೈಲಿನಲ್ಲಿ ಪ್ರಯಾಣಿಕರಾಗಿ ಕೂರದ ಶಿವಶಂಕರಪ್ಪ ಕೋಟು ತೊಟ್ಟು ಕೊನೆಯ ಬೋಗಿಯನ್ನೇರಿದರು. ಬಿದ್ದರೆ ತಾನು ಬೀಳಬೇಕು ಎಂಬುದು ಅವರ ಲೆಕ್ಕ. ಅಷ್ಟರಲ್ಲಿ ಸಂತೆ ಮುಗಿಸಿ ಗುರುವಪ್ಪನ ಲಾರಿಯೂ ಬಂದು ನಿಂತಿತು. ಸಿದ್ಧಾರ್ಥ ಎಂಜಿನ್ ಚಾಲೂ ಮಾಡಿದ. ಹಲಸಿನ ಮರ ಹತ್ತಿರವಾದಾಗ ಅವರು ಕಣ್ಣು ಮುಚ್ಚಿಕೊಂಡರು. ಚಕ್ರ ಒಮ್ಮೆ ಕಿರ್ ಎಂದಿತು. ಕಣ್ಣು ಬಿಟ್ಟರೆ ಬಸವಣ್ಣ ಎಂದಿನಂತೆ ಬಲಕ್ಕಿದ್ದಾನೆ, ತಿರುವು ಹಿಂದೆ ಉಳಿದಿದೆ, ಒಂದು ಮೂಟೆಯೂ ಅಲುಗಿಲ್ಲ!

ಅವರು ಬಲಗೈಯನ್ನಷ್ಟೇ ಮೇಲೆತ್ತಿದರು. ಅಂಗಡಿಯ ಬಾಗಿಲಲ್ಲಿ ನಿಂತ ಗುರುಸಿದ್ದಮ್ಮ ಮಜ್ಜಿಗೆಯ ಸೌಟನ್ನೆತ್ತಿ, ಸುತ್ತಲ ತೋಟಗಳಿಗೆಲ್ಲ ಕೇಳುವಂತೆ ಕೂಗಿದರು: “ಲೈನ್ ಕ್ಲಿಯರ್!”

ಗುರುವಪ್ಪ ಖಾಲಿ ಲಾರಿಯನ್ನು ರಸ್ತೆಬದಿಗೆ ಹಾಕಿ, ಮೂಟೆ ಇಳಿಸಿ, ಎರಡನೆಯ ಸುತ್ತಿಗೆ ತಾನೇ ಹತ್ತಿ ಕೂತ.

ಎಲ್ಲಿಗೂ ತಲುಪದ ರೈಲು ಎಂದು ಈಗಲೂ ಅದನ್ನು ಗೇಲಿ ಮಾಡುವವರಿದ್ದಾರೆ, ಮಾಡಲಿ. ಹಿಡಿದ ದಿಕ್ಕನ್ನು ಜಪ್ಪಯ್ಯ ಎಂದರೂ ಬಿಡದ, ಅದಕ್ಕಾಗಿ ಪ್ರಾಣದಂತೆ ಸಾಕಿದ್ದನ್ನೇ ಗುಜರಿಗೆ ಕೊಡಲೂ ಸಿದ್ಧವಾಗುವ ಜನರ ಕುಲವೊಂದು ಲೋಕದಲ್ಲಿದೆ. ಅವರನ್ನು ತಿರುಗಿಸಹೊರಟವರು ಸೋತು ಹಿಂದಿರುಗುತ್ತಾರೆ. ದಿಕ್ಕನ್ನು ಅವರಿಗೇ ಬಿಟ್ಟು, ಬೋಗಿಯನ್ನಷ್ಟೇ ತಿರುಗಿಸಬಲ್ಲವರೊಬ್ಬರು ಜೊತೆಗಿದ್ದರೆ ಮಾತ್ರ ಆ ಕುಲ ಹಳಿಯ ಮೇಲೆ ಉಳಿಯುತ್ತದೆ.