ಬಟ್ಟೆಯ ವಿಮಾನ

"ಇದು ನಮ್ಮ ಇಮಾನ ಅಲ್ಲ ತಂಗಿ," ಎಂದು ಬಸವಂತಪ್ಪಜ್ಜ ಕಂಪ್ಯೂಟರಿನ ಪರದೆಯಿಂದ ಮುಖ ಹಿಂದಕ್ಕೆ ತೆಗೆದ.

ಅದು ಮೂರನೆಯ ಶನಿವಾರ, ಮೂರನೆಯ ಸಲ ಅದೇ ಮಾತು. ಜೋಯ್ಲಿನ್ ಮೌಸ್ ಬಿಟ್ಟು ಕೈಕಟ್ಟಿ ಕೂತಳು. ವಿಲಾಯತಿಯ ಗ್ರೀನ್‌ಫರ್ಡಿನ ತನ್ನ ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಆರು ವರ್ಷಗಳಿಂದ ಅವಳು ವಿಮಾನಗಳಿಗೆ ಬಣ್ಣ ಬಳಿಯುತ್ತಿದ್ದಳು. ನಿಜವಾದ ವಿಮಾನಗಳಿಗಲ್ಲ, ಕಂಪ್ಯೂಟರಿನಲ್ಲಿ ಕೂತಲ್ಲೇ ವಿಮಾನ ಹಾರಿಸುವ ಆಟವಿದೆಯಲ್ಲ, ಅದರೊಳಗಿನ ಹಳೆಯ ಯುದ್ಧವಿಮಾನಗಳಿಗೆ. ಯಾವ ವರ್ಷ ಯಾವ ದಳದ ವಿಮಾನದ ಬೆನ್ನಿಗೆ ಎಂಥ ಹಸಿರು, ಹೊಟ್ಟೆಗೆ ಎಂಥ ಬೂದಿ ಎಂದು ಹಳೆಯ ಫೋಟೊಗಳನ್ನು ಹುಡುಕಿ, ಒಂದೊಂದು ಮೊಳೆಯನ್ನೂ ಚಿತ್ರಿಸಿ, ಇಂಟರ್ನೆಟ್ಟಿಗೆ ಹಾಕುತ್ತಿದ್ದಳು. ಎಲ್ಲೆಲ್ಲಿನ ಜನರೋ ಅವನ್ನು ಇಳಿಸಿಕೊಂಡು ಹಾರಿಸುತ್ತಿದ್ದರು. ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡ ಗಂಡಸರು ಆ ಸೈಟಿನಲ್ಲಿ ಬೇಕಾದಷ್ಟಿದ್ದರು. ಅವರಿಗೂ ಜೋಯ್ಲಿನ್ ಮಾಡಿದ ವಿಮಾನದಲ್ಲಿ ಒಂದು ಕೊಂಕೂ ಸಿಕ್ಕಿರಲಿಲ್ಲ. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೇ ಇತ್ತು, ಮತ್ತು ಅದನ್ನು ಮುಚ್ಚಿಡುವ ಅಭ್ಯಾಸ ಅವಳಿಗಿರಲಿಲ್ಲ.

ಅಜ್ಜ ಅವಳಿಗೆ ಸಿಕ್ಕಿದ್ದು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ. ಜೋಯ್ಲಿನ್ ಅಲ್ಲಿ ನರ್ಸು. ಕಣ್ಣಿಗೆ ಹನಿ ಬಿಟ್ಟಾಗ ಎಂಬತ್ತೊಂದು ವರ್ಷದ ಮುದುಕ "ಉರೀತೈತಿ ಯವ್ವಾ!" ಎಂದು ಕೂಗಿದ, ಉಡುಪಿಯ ಹುಡುಗಿ ಜೋಯ್ಲಿನ್ ಕನ್ನಡದಲ್ಲೇ "ಎರಡು ನಿಮಿಷ ಅಜ್ಜ, ಕಣ್ಣು ಮುಚ್ಚಿ," ಅಂದಳು. ಹನಿ ಕೆಲಸ ಮಾಡುವ ಅರ್ಧ ಗಂಟೆಯಲ್ಲಿ ಮಾತು ಧಾರವಾಡದಿಂದ ಬರ್ಮಾದ ಗಡಿಗೆ ಹೋಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಜ್ಜ ವಾಯುಪಡೆಯಲ್ಲಿದ್ದನಂತೆ. ಹರಿಕೇನ್ ವಿಮಾನದ ಹಿಂಭಾಗ ತಗಡಿನದಲ್ಲ, ಬಟ್ಟೆಯದು. ಗುಂಡು ತಾಗಿ ಬಟ್ಟೆ ಹರಿದು ಬಂದರೆ ತೇಪೆ ಹಾಕಿ ಹೊಲಿಯುವುದು, ಬಾಳೆಹಣ್ಣಿನ ವಾಸನೆಯ ದ್ರಾವಣ ಬಳಿದು ಬಿಗಿ ಮಾಡುವುದು, ಅದರ ಮೇಲೆ ಬಿಳಿ ಬಣ್ಣದಲ್ಲಿ ವಿಮಾನದ ಗುರುತಿನ ಇಂಗ್ಲಿಷ್ 'ಕೆ' ಅಕ್ಷರವನ್ನು ಮತ್ತೆ ಬರೆಯುವುದು ಅವನ ಕೆಲಸ.

"ನಾನೂ ವಿಮಾನಕ್ಕೆ ಬಣ್ಣ ಹೊಡೀತೇನೆ ಅಜ್ಜ," ಅಂದಿದ್ದಳು ಜೋಯ್ಲಿನ್.

"ಯಾವ ಕಾರ್ಖಾನ್ಯಾಗಬೇ?"

ಆ ದಿನವೇ ಡಾಕ್ಟರು ಹೇಳಿದ್ದರು: ಎಡಗಣ್ಣು ಹೋಗಿದೆ, ಬಲಗಣ್ಣಿನ ನಡುವಿನ ನೋಟವೂ ಕ್ರಿಸ್ಮಸ್ಸಿನ ಹೊತ್ತಿಗೆ ಹೋಗಬಹುದು, ಇನ್ನು ಮಾಡುವಂಥದ್ದು ಏನೂ ಇಲ್ಲ. ಅಜ್ಜ ಅದನ್ನು ತಲೆಯಾಡಿಸಿ ಕೇಳಿಕೊಂಡ. ಹೊರಗೆ ಬಂದವನೇ ಜೋಯ್ಲಿನ್‌ಳ ಕೈ ಹಿಡಿದು, "ನಮ್ಮ ಇಮಾನ ಒಂದ್ಸಲ ತೋರಸ್ತೀಯೇನು? ಕಣ್ಣು ಹೋಗೂದ್ರಾಗ," ಅಂದ. ಒಂದೇ ಒಂದು ಫೋಟೊ ಕೂಡ ಅವನಲ್ಲಿರಲಿಲ್ಲ. ಜೋಯ್ಲಿನ್ "ಅಯ್ಯೋ, ಅದೆಂತ ದೊಡ್ಡ ಕೆಲಸ!" ಎಂದು ಮಾತು ಕೊಟ್ಟಿದ್ದಳು.

ಈಗ 2004ರ ನವೆಂಬರಿನ ಮೂರನೆಯ ವಾರ. ಅಜ್ಜನ ಮಗಳು ಭುವನೇಶ್ವರಿ ವೆಂಬ್ಲಿಯಿಂದ ಬಸ್ಸಿನಲ್ಲಿ ಅವನನ್ನು ಕರೆತಂದು, ಚಹದ ಕಪ್ಪು ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು.

"ಬಣ್ಣ ಎಲ್ಲಾ ಬರೋಬ್ಬರಿ ಐತಿ," ಅಂದ ಅಜ್ಜ. "ರೆಕ್ಕಿ ಮ್ಯಾಲಿನ ಗುರುತಿನ ಚಕ್ರದಾಗಿನ ಕೆಂಪು ತಗದು ನೀಲಿ ಮಾಡೀಯಲ್ಲ, ಅದೂ ಖರೆ. ಕೆಂಪು ಕಂಡ್ರ ಜಪಾನದವ್ರು ಅಂತ ತಿಳದು ನಮ್ಮವ್ರ ನಮಗ ಗುಂಡು ಹಾಕ್ತಿದ್ರು."

"ಮತ್ತೆ ಸರಿ ಇಲ್ಲದ್ದು ಎಂತ ಅಜ್ಜ?"

"ಅಕ್ಷರ. ನಿಂದು ನಿಂತ ಅಕ್ಷರ. ನಮ್ದು ಹೊಂಟ ಅಕ್ಷರ."

"ನಾನು ಎರಡು ಸಲ ಬದಲಿಸಿದೆ ಮಾರಾಯ್ರೆ. ದಪ್ಪ ಮಾಡಿದೆ, ಮತ್ತೆ ಸಣ್ಣ ಮಾಡಿದೆ."

"ದಪ್ಪ ಸಣ್ಣದಲ್ಲ. ಏನಂತ ಹೇಳಾಕ ಬರವಲ್ದು."

ಭುವನೇಶ್ವರಿಗೆ ತಡೆಯಲಾಗಲಿಲ್ಲ. "ಅಪ್ಪಾ, ಸಾಕಿನ್ನ. ಕುಣೀಲಾರದಕಿ ನೆಲಾ ಡೊಂಕು ಅಂದ್ಳಂತ. ನಿನಗ ಕಣ್ಣು ಕಾಣಂಗಿಲ್ಲ, ಆಕಿ ಕೆಲಸಕ್ಕ ಹೆಸರು ಇಡ್ತಿ."

"ಕಣ್ಣು ಕಾಣಲಿಕ್ಕಿಲ್ಲ. ಇದು ಕೈ ಹೇಳಾಕತ್ತೈತಿ," ಅಂದ ಅಜ್ಜ, ತುಸು ಸಿಟ್ಟಿನಿಂದಲೇ.

ಜೋಯ್ಲಿನ್‌ಗೂ ಸಿಟ್ಟು ಬಂದಿತ್ತು. ಬೇರೆ ಏನಾದರೂ ಹೇಳಲಿ, ಅಕ್ಷರದ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳಪ್ಪ ಕ್ಯಾಜಿಟನ್ ಉಡುಪಿ–ಕಾರ್ಕಳದ ಬಸ್ಸುಗಳಿಗೆಲ್ಲ ಹೆಸರು ಬರೆದವನು. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಒಂದು ತುದಿ ತಾನು ಹಿಡಿದು ಇನ್ನೊಂದು ಮಗಳ ಕೈಗೆ ಕೊಟ್ಟು, ನಡುವೆ ಮಿಡಿದರೆ ಬಸ್ಸಿನ ಮೈಮೇಲೆ ನೆಟ್ಟಗಿನ ಗೆರೆ. ಆ ಗೆರೆಯ ಮೇಲೆ ಕೂತ ಅಕ್ಷರ ಕೂದಲೆಳೆಯಷ್ಟೂ ವಾಲುವಂತಿರಲಿಲ್ಲ. "ಗೆರೆ ಬಿಟ್ಟ ಅಕ್ಷರ ಕುಡಿದವನ ನಡಿಗೆ," ಅನ್ನುತ್ತಿದ್ದ ಅಪ್ಪ. ಜೋಯ್ಲಿನ್ ಕಂಪ್ಯೂಟರಿನಲ್ಲೂ ಮೊದಲು ಎಳೆಯುತ್ತಿದ್ದುದು ವಿಮಾನದ ಮೈಯುದ್ದಕ್ಕೆ ಒಂದು ಗೆರೆ, ಅಕ್ಷರ ಆಮೇಲೆ.

ಅಜ್ಜ ಮತ್ತೆ ಪರದೆಯ ಹತ್ತಿರ ಬಗ್ಗಿದ. ಪರದೆಯ ಮೇಲೆ ವಿಮಾನ ಎಡಕ್ಕೆ ಮೂತಿ ಮಾಡಿ, ಹಸಿರು ಬೆಟ್ಟಗಳ ಮೇಲೆ ಸಮತಟ್ಟಾಗಿ ಹಾರುತ್ತಿತ್ತು. ಅಜ್ಜ ತಲೆಯನ್ನು ಎಡಭುಜದ ಕಡೆ ವಾಲಿಸಿ ನೋಡಿದ. ಮೂರು ಶನಿವಾರವೂ ಹಾಗೇ ನೋಡಿದ್ದ. ನಡುವಿನ ನೋಟ ಹೋದವರು ಓರೆಗಣ್ಣಲ್ಲಿ ನೋಡುವುದು ಮಾಮೂಲಿ. ಜೋಯ್ಲಿನ್ ದಿನಕ್ಕೆ ಇಪ್ಪತ್ತು ಜನರನ್ನು ಕಾಣುತ್ತಿದ್ದಳು, ಅದಕ್ಕೆ ಲಕ್ಷ್ಯ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಭುವನೇಶ್ವರಿ ಚಹ ಚಾಚಿದಳು. ಅಜ್ಜ ಕಪ್ಪನ್ನು ಹುಡುಕಲು ಮುಖವನ್ನು ಬದಿಗೆ ತಿರುಗಿಸಿದ. ತಿರುಗಿಸಿದ ಅಷ್ಟೇ, ವಾಲಿಸಲಿಲ್ಲ.

ಜೋಯ್ಲಿನ್ ನೆಟ್ಟಗೆ ಕೂತಳು. ಕಣ್ಣಿನ ಕಾಯಿಲೆಯವರು ಮುಖ ತಿರುಗಿಸುತ್ತಾರೆ. ಭುಜಕ್ಕೆ ತಲೆ ವಾಲಿಸುವುದಿಲ್ಲ.

"ಅಜ್ಜ, ನೀವು ಅಕ್ಷರ ಬರೆಯುವಾಗ ವಿಮಾನ ಹೇಗೆ ಇರ್ತಿತ್ತು?"

"ಹೆಂಗಿರ್ತಿತ್ತು ಅಂದ್ರ? ಬಾಲ ನೆಲಕ್ಕ, ಮೂತಿ ಮ್ಯಾಲ. ನಾಯಿ ಕುಂತಂಗ."

"ಗೆರೆ ಎಳೀತಿದ್ರಾ?"

"ಎಲ್ಲೀ ಗೆರಿ! ಮಳಿ, ಕೆಸರು. ಅರ್ಧ ತಾಸಿನಾಗ ಮತ್ತ ಹಾರಬೇಕು. ಕೆಸರಿನಾಗ ನಿಂತು ನನ್ನ ಕಣ್ಣಿಗೆ ನೆಟ್ಟಗ ಕಂಡಂಗ ಬರದು ಬಿಡೂದು."

ಜೋಯ್ಲಿನ್‌ಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಅಜ್ಜ ತಲೆ ವಾಲಿಸುತ್ತಿದ್ದುದು ವಿಮಾನವನ್ನು ಹಾಗೆ ಮೂತಿ ಮೇಲಾಗಿ ಕಾಣಲು. ಬಸ್ಸು ನಾಲ್ಕು ಚಕ್ರದ ಮೇಲೆ ಸಮನಾಗಿ ನಿಲ್ಲುತ್ತದೆ. ಬಸ್ಸಿಗೆ ಹೆಸರು ಬರೆದವನ ಮಗಳು ವಿಮಾನವನ್ನೂ ಹಾಗೇ ನಿಲ್ಲಿಸಿಕೊಂಡು ಬರೆದಿದ್ದಳು. ಆರು ವರ್ಷದಲ್ಲಿ ಎಷ್ಟು ಅಕ್ಷರಗಳನ್ನು ಹೀಗೆ ಶಿಸ್ತಾಗಿ ತಪ್ಪು ಬರೆದಿರಬಹುದೋ ದೇವರಿಗೇ ಗೊತ್ತು.

"ತಪ್ಪು ನನ್ನದೇ ಅಜ್ಜ," ಅಂದಳು. "ನಿಲ್ಲಿ, ಬಾಲ ಇಳಿಸುವ."

ಅವಳು ತನ್ನ ಅಂದದ ಅಕ್ಷರವನ್ನು ಅಳಿಸಿಹಾಕಿದಳು. ವಿಮಾನದ ಚಿತ್ರವನ್ನು ತಿರುಗಿಸಿ ಮೂತಿ ಮೇಲೆ ಮಾಡಿ ನಿಲ್ಲಿಸಿದಳು. ಕಂಪ್ಯೂಟರಿಗೆ ಜೋಡಿಸಿದ, ಚಿತ್ರ ಬಿಡಿಸುವ ಕಪ್ಪು ಹಲಗೆಯನ್ನು ಅಜ್ಜನ ತೊಡೆಯ ಮೇಲಿಟ್ಟು, ಅದರ ಪೆನ್ನನ್ನು ಅವನ ಬೆರಳಿಗೆ ಕೊಟ್ಟಳು. "ಇಲ್ಲಿ ಎಳೆದರೆ ಅಲ್ಲಿ ಮೂಡ್ತದೆ. ನೀವೇ ಬರೀರಿ."

"ಕೈ ನಡಗತಾವಬೇ."

"ಆಗ ನಡುಗ್ತಿರಲಿಲ್ವಾ?"

ಅಜ್ಜ ಪೆನ್ನು ಸರಿಯಾಗಿ ಹಿಡಿದ. ಈ ಸಲ ತಲೆ ವಾಲಿಸಲಿಲ್ಲ. ಮುಖ ಬದಿಗೆ ಮಾಡಿ, ಕಣ್ಣಂಚಿನಲ್ಲಿ ವಿಮಾನವನ್ನು ಹಿಡಿದು, ಮೇಲಿನಿಂದ ಕೆಳಕ್ಕೆ ಒಂದು ಗೀಟು ಎಳೆದ. ಮೇಲಿನಿಂದ ಓರೆಯಾಗಿ ಇನ್ನೊಂದು, ಕೊನೆಗೆ ಕೆಳಕ್ಕೆ ಒಂದು ಕಾಲು. ಮೂರೇ ಎಳೆತ. ಅಂಚು ಜುಂಗುಜುಂಗಾಗಿತ್ತು, ಕಾಲೊಂದು ಉದ್ದವಾಗಿತ್ತು. ಕ್ಯಾಜಿಟನ್ ನೋಡಿದ್ದರೆ ಥಿನ್ನರ್ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದ. ಜೋಯ್ಲಿನ್ ಒಂದು ಚುಕ್ಕಿಯನ್ನೂ ತಿದ್ದಲಿಲ್ಲ.

ಚಿತ್ರವನ್ನು ವಿಮಾನಕ್ಕೆ ಹೊದಿಸಿ, ಕೆಂಪು ಮಣ್ಣಿನ ಓಡುದಾರಿಯ ಮೇಲೆ ನಿಲ್ಲಿಸಿದಳು. ಹರಿಕೇನ್ ಬಾಲ ಊರಿ ಕೂತಿತ್ತು. ಅದರ ಮೈಮೇಲೆ 'ಕೆ' ನೆಲಕ್ಕೆ ನೆಟ್ಟಗೆ ನಿಂತಿತ್ತು. ಎಂಜಿನ್ ಶುರುಮಾಡಿ ಸದ್ದು ಜೋರು ಮಾಡಿದಳು. ಭುವನೇಶ್ವರಿ ತನ್ನ ಕಪ್ಪು ಕೆಳಗಿಟ್ಟು ಎದ್ದು ಬಂದಳು. ವಿಮಾನ ಓಡಿತು, ಬಾಲ ಮೇಲೆದ್ದಿತು, ಮೈ ಸಮವಾಯಿತು. ಆಗ ಆ ಸೊಟ್ಟ ಅಕ್ಷರ ಮುಂದಕ್ಕೆ ಬಾಗಿತು, ಮಳೆಯಲ್ಲಿ ತಲೆ ತಗ್ಗಿಸಿ ಓಡುವವರಂತೆ. ಚಕ್ರಗಳು ನೆಲ ಬಿಟ್ಟವು.

"ಹೊಂಟ್ತು!" ಅಜ್ಜ ಕುರ್ಚಿಯಿಂದ ಅರ್ಧ ಎದ್ದ. "ಹೊಂಟ್ತ್ ನೋಡಬೇ! ನಮ್ದ ಇದು!"

ಸೈಟಿನಲ್ಲಿ ನಾಲ್ಕು ಸಾವಿರ ಜನ ಹೊಗಳಿದಾಗಲೂ ಜೋಯ್ಲಿನ್‌ಗೆ ಇಷ್ಟು ಸಂತೋಷ ಆಗಿರಲಿಲ್ಲ. ಭುವನೇಶ್ವರಿ ಅಪ್ಪನ ಭುಜ ಹಿಡಿದು ನಿಂತಿದ್ದಳು. ಅವಳು ಪರದೆ ನೋಡುತ್ತಿರಲಿಲ್ಲ, ಅಪ್ಪನ ಮುಖ ನೋಡುತ್ತಿದ್ದಳು.

ವಿಮಾನ ಬೆಟ್ಟದಾಚೆ ಸಣ್ಣದಾಗುತ್ತ ಹೋಗುವವರೆಗೂ ಅಜ್ಜ ಮುಖ ಕದಲಿಸಲಿಲ್ಲ. ಆಮೇಲೆ ಕುರ್ಚಿಯಲ್ಲಿ ಕುಳಿತು, ಕೈಯಲ್ಲಿದ್ದ ಪೆನ್ನನ್ನು ಬಣ್ಣದ ಕುಂಚದಂತೆ ಪ್ಯಾಂಟಿನ ಮೊಣಕಾಲಿಗೆ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಒರೆಸಿ, ತುದಿಯನ್ನು ತನ್ನ ಕಡೆಗೆ ಹಿಡಿದು ಜೋಯ್ಲಿನ್‌ಳ ಕೈಗೆ ಕೊಟ್ಟ.