ಸುಣ್ಣದ ಕಂಬ

“ಹಿಂದಕ್ಕ ಬಾ... ಬಾ... ಅಯ್ಯ, ಎಡಕ್ಕ ತಿರುಗ್ಸೋ ಮಾರಾಯ!”

ಗೇಟಿನ ಬಳಿ ನಿಂತು ಅಮರ ಕೂಗುತ್ತಿದ್ದ. ಹೂವು ಕಟ್ಟಿದ ಟೆಂಪೋ ಅರ್ಧ ಅಂಗಳದಲ್ಲಿ, ಅರ್ಧ ರಸ್ತೆಯಲ್ಲಿ. ಚಾಲಕ ಸೋಮಲಿಂಗ ಮುಂದೆ ಹೋಗುವುದು, ಹಿಂದೆ ಬರುವುದು ನಡೆದೇ ಇತ್ತು. ಪೀರನವಾಡಿಯ ಆ ಓಣಿಯೇ ಅಷ್ಟು ಇಕ್ಕಟ್ಟು.

ಪಡಸಾಲೆಯಲ್ಲಿ ಚನ್ನಬಸಯ್ಯ ಗೋಡೆಗೆ ಒರಗಿ ಕುಳಿತಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಸತ್ತವರನ್ನು ಕೂರಿಸಿಯೇ ಒಯ್ಯುವ ಮನೆತನ. ನೋಡಿದರೆ ಇನ್ನೇನು ಎದ್ದು ಕಾರಿನ ಚಾವಿ ಕೇಳುತ್ತಾರೆ ಅನ್ನಿಸಬೇಕು. ನಿನ್ನೆ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಮಣ್ಣು ಮಾಡುವುದು ನಂದಗಡದ ಹೊಲದಲ್ಲಿ. ಪಕ್ಕದಲ್ಲಿ ವಿಭೂತಿಯ ತಟ್ಟೆ ಹಿಡಿದು ಹೆಂಡತಿ ಕಾಂತಾ ಕುಳಿತಿದ್ದಳು. ಅವಳ ಕಣ್ಣಲ್ಲಿ ಇನ್ನೂ ಹನಿ ನೀರು ಬಂದಿರಲಿಲ್ಲ.

“ದೊಡ್ಡಪ್ಪ ಇದ್ದಿದ್ರ ಒಂದ ಸಲಕ್ಕ ಒಳಗ ತರ್ತಿದ್ರು ನೋಡ್ರಿ,” ಎಂದ ಅಮರ. ಚನ್ನಬಸಯ್ಯನವರ ತಮ್ಮನ ಮಗ ಅವನು.

“ಎಂಬತ್ತು ದಾಟಿದ್ರೂ ಕಂಬಕ್ಕ ಒಂದ್ ಗೀರು ಬೀಳಸ್ಲಿಲ್ಲ ನಮ್ಮಪ್ಪ,” ಎಂದು ಮಗಳು ಪೂರ್ಣಿಮಾ ಕಣ್ಣೊರೆಸಿಕೊಂಡಳು.

ಕಾಂತಾ ಕತ್ತು ತಗ್ಗಿಸಿದಳು.

*

ರವಿವಾರ ಪೇಟೆಯ ಬೆಲ್ಲದ ಅಂಗಡಿ ಬಿಟ್ಟ ವರ್ಷ ಚನ್ನಬಸಯ್ಯ ಗೇಟಿನ ಎರಡೂ ಕಂಬಗಳಿಗೆ ತಾವೇ ಸುಣ್ಣ ಹೊಡೆದು, ನೀಲಿ ಕಾರಿನ ಪಕ್ಕ ನಿಂತು ಎಲ್ಲರೆದುರು ಹೇಳಿದ್ದರು: “ಗಾಡಿ ಈ ಕಂಬಕ್ಕ ತಾಗಿದ ದಿನಾ ಚಾವಿ ಕಾಂತಾನ ಕೈಯಾಗ ಕೊಡ್ತೇನಿ. ಸಾಕು ಬಿಡ್ರಿ ಅಂತ ಯಾರೂ ನನಗ ಹೇಳಾಕ ಬರಬ್ಯಾಡ್ರಿ. ಕಂಬ ಹೇಳ್ತೈತಿ.”

ಭಲೇ ಮನುಷ್ಯ ಎಂದು ಓಣಿಯೆಲ್ಲ ಕೊಂಡಾಡಿತು. ಹೊಗಳುವವರಿಗೇನು, ಕಾರು ಎಲ್ಲಿಗೆ ಹೋಗುತ್ತದೆಂಬುದು ಕಾಂತಾಳಿಗೆ ಗೊತ್ತು. ಪ್ರತಿ ಸೋಮವಾರ ಖಾನಾಪುರ ದಾಟಿ ನಂದಗಡಕ್ಕೆ, ಅವಳ ಅಕ್ಕ ಸತ್ಯವ್ವನ ಮನೆಗೆ. ಸತ್ಯವ್ವ ಹಾಸಿಗೆ ಬಿಟ್ಟು ಏಳಲಾರಳು, ಕಾಂತಾ ಬಸ್ಸು ಹತ್ತಲಾರಳು. ಗಾಡಿ ನಿಂತರೆ ಅಕ್ಕನ ಮುಖ ನೋಡುವುದೂ ನಿಂತಂತೆ.

ಕಳೆದ ಶ್ರಾವಣದ ಒಂದು ಸಂಜೆ ಕಾರು ಒಳಬರುವಾಗ ಕರ್ರೆಂದು ಸದ್ದಾಯಿತು. ಚನ್ನಬಸಯ್ಯ ಇಳಿದು, ತಿರುಗಿಯೂ ನೋಡದೆ ಒಳಹೋದರು. ಕಾಂತಾ ನೋಡಿದಳು. ಬಿಳಿ ಕಂಬದ ಮೇಲೆ ನೀಲಿ ಗೀರು.

ಮರುದಿನ ಅವರು ಲಿಂಗಪೂಜೆಗೆ ಕುಳಿತಾಗ ಸುಣ್ಣದ ಡಬ್ಬಿ ಹೊರತೆಗೆದಳು. ದೀಪಾವಳಿಯಿಂದ ಯಾರೂ ಮುಟ್ಟದ ಕುಂಚ ಒಣಗಿ ಕಲ್ಲಾಗಿರಬೇಕಿತ್ತು. ಮೆತ್ತಗಿತ್ತು. ಒಳ್ಳೆಯದೇ ಆಯಿತೆಂದು ಗೀರು ಮುಚ್ಚಿದಳು.

ಪೂಜೆ ಮುಗಿಸಿ ಬಂದವರು ಕಂಬವನ್ನು ನೋಡಿದರು, ಅವಳನ್ನೂ ನೋಡಿದರು.

“ಸೋಮವಾರ ಹೋಗೂಣಲ್ಲ?”

“ಹೂಂ ರೀ. ಸಾವಕಾಶ ಹೋಗೂಣು.”

ಅಂದಿನಿಂದ ನಂದಗಡ ಮುಟ್ಟುವವರೆಗೂ ಅವಳು ಜೀವ ಕೈಯಲ್ಲಿ ಹಿಡಿದೇ ಕೂರುತ್ತಿದ್ದಳು.

*

ಧಡ್ ಎಂದು ಟೆಂಪೋದ ಮೂಲೆ ಕಂಬಕ್ಕೆ ಬಡಿಯಿತು. ಸುಣ್ಣದ ದಪ್ಪ ಹಕ್ಕಳೆ ಕಳಚಿ ಬಿತ್ತು.

“ಇರ್ಲಿ ಬಿಡ್ರಿ, ಎತ್ರಿ,” ಎಂದ ಅಮರ. ಚನ್ನಬಸಯ್ಯನವರನ್ನು ಎತ್ತಿ ಟೆಂಪೋದಲ್ಲಿ ಕೂರಿಸಿದರು. ಹಿಂದೆ ನಡೆದು ಬಂದ ಕಾಂತಾ ಕಂಬದ ಹತ್ತಿರ ನಿಂತುಬಿಟ್ಟಳು.

ಒಳಗೆ ನೀಲಿ ಗೀರುಗಳು. ಒಂದರ ಕೆಳಗೊಂದು, ಕೆಲವು ತೀರಾ ಹಳೆಯವು, ನಡುನಡುವೆ ಸುಣ್ಣದ ಪದರ. ಅವಳು ಮುಚ್ಚಿದ್ದು ಒಂದೇ. ಮೆತ್ತಗಿದ್ದ ಆ ಕುಂಚ ನೆನಪಾಯಿತು. ಬೆಳಗಿನಿಂದ ಬಾರದ ಅಳು ಒಮ್ಮೆಲೇ ಉಕ್ಕಿ ಬಂತು.

“ನನ್ನ ಸಲುವಾಗಿ ನೀವೂನ ಏನ್ರೀ...” ಎಂದಳು, ಟೆಂಪೋದ ಕಡೆ ನೋಡುತ್ತ.

ಪೂರ್ಣಿಮಾ ಹತ್ತಿರ ಬಂದಳು. “ಏನವ್ವಾ ಅದು, ಕಂಬಕ್ಕ ನೀಲಿ?”

“ಏನಿಲ್ಲ. ನೀ ಗಾಡಿ ಹತ್ತು. ದೊಡ್ಡವ್ವ ಹಾದಿ ಕಾಯಾಕತ್ತಿರ್ತಾಳ.”

ಮಗಳು ಅತ್ತ ತಿರುಗುತ್ತಲೇ ಕಾಂತಾ ತಟ್ಟೆಯ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಕಂಬದ ಮೇಲಿನ ನೀಲಿಯ ಮೇಲೆ ಅಡ್ಡಡ್ಡ ಎಳೆದಳು.