ಅಳತೆ ಮೀರಿದ ತಲೆ

"ಐವತ್ತೆಂಟೂವರೆ," ಎಂದು ಖರೀದಿ ಸಾಹೇಬರು ಟೇಪಿನ ಮೇಲೆ ಬಗ್ಗಿ ಓದಿ, ನ್ಯಾಯಾಧೀಶರ ಗಾಂಭೀರ್ಯದಲ್ಲಿ ಬರೆದುಕೊಂಡರು. "ಕಂಪನಿ ಚಾರ್ಟ್ ಪ್ರಕಾರ ಹೆಚ್ಚೆಂದ್ರೆ ಐವತ್ತೇಳು ಸೆಂಟಿಮೀಟರ್. ಹೆಡ್‌ಫೋನ್ ಸರಿಯಾಗೇ ಇದೆಯಮ್ಮ. ನಿಮ್ಮ ತಲೆನೇ ಅಳತೆ ಮೀರಿದೆ."

ಆ ಮಾತಿಗೆ ಕಿವಿಯಕ್ಕನ ಕೋಪ ಏರಿದ ಬಿರುಸಿಗೆ ಮೇಜಿನ ಮೇಲಿದ್ದ ಲೋಟದ ನೀರು ತಾನಾಗಿಯೇ ಕುದಿಯಬೇಕಿತ್ತು. ಕುದಿಯಲಿಲ್ಲವೆಂದರೆ ಅದು ನೀರಿನ ದೊಡ್ಡತನ. ಟೇಪು ಹಿಡಿದಿದ್ದ ಪಕ್ಕದ ಸೀಟಿನ ಕನ್ನಡಕದ ಹುಡುಗಿ ಅದನ್ನು ಮೆಲ್ಲಗೆ ಸುತ್ತಿಟ್ಟು, "ಅಕ್ಕಾ, ನಂದು ಐವತ್ತೈದು. ನನ್ನ ತಲೆ ಪಾಸು. ಆದ್ರೂ ನೋಯ್ತಿದೆಯಲ್ಲ?" ಎಂದು ಪಿಸುಗುಟ್ಟಿದಳು. ಅವಳ ಕಿವಿಯ ಮೇಲ್ಗಡೆ ಕನ್ನಡಕದ ಕಡ್ಡಿ ಒತ್ತಿ ಒತ್ತಿ, ಹುಣ್ಣು ಇನ್ನೇನು ಒಡೆಯುವಂತಿತ್ತು.

ಅದು ಊರಿಗೆಲ್ಲ ನೀರು ಬಿಡುವ ಇಲಾಖೆಯ ದೂರು ವಿಭಾಗ. ಒಂದು ಹಜಾರ, ಇಪ್ಪತ್ತು ಕುರ್ಚಿ, ಇಪ್ಪತ್ತು ಫೋನು. ಎಲ್ಲರೂ ಒಟ್ಟಿಗೆ ಬಾಯಿ ತೆರೆದರೆ ಮೇಲೆ ಹೋಗುವ ವಿಮಾನವೂ ಒಂದಿಷ್ಟು ಪಕ್ಕಕ್ಕೆ ಸರಿಯುತ್ತಿತ್ತು. ಮೂಲೆಯಲ್ಲೊಂದು ಕೈತೊಳೆಯುವ ತೊಟ್ಟಿ. ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿಸುವ ಇಲಾಖೆಯ ಸ್ವಂತ ನಲ್ಲಿ ಏಳು ವರ್ಷದಿಂದ ಅಲ್ಲಿ ತೊಟ್ಟಿಕ್ಕುತ್ತಿತ್ತು.

ಆ ಹಜಾರದಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿದ್ದ ಕಿವಿಯಕ್ಕನಂಥ ಕಿವಿ ಮೂರು ಲೋಕದಲ್ಲಿ ಇನ್ನೊಂದಿಲ್ಲ. ಯಾರಾದರೂ "ನೀರು ಸರಿಯಾಗಿ ಬರ್ತಿಲ್ಲ" ಎಂದು ಗೋಳಾಡಿದರೆ ಆಕೆ ಕೇಳುತ್ತಿದ್ದುದು ಒಂದೇ. "ಫೋನು ಪೈಪಿಗೆ ಹಿಡೀರಿ." ಸುಯ್ ಎಂದರೆ ಗೋಡೆಯೊಳಗೆ ಸೋರಿಕೆ. ಗೊಳಗೊಳ ಎಂದರೆ ಪೈಪಿನಲ್ಲಿ ಗಾಳಿ. ಕಟಕಟ ಎಂದರೆ ವಾಲ್ವು ಸಡಿಲ. ರಿಪೇರಿಯವರು ಮನೆಗೆ ಹೋಗಿ ಗೋಡೆ ಬಗೆದು ನೋಡಿದರೆ ಆಕೆ ಹೇಳಿದ ಜಾಗದಿಂದ ಒಂದು ಗೇಣು ಆಚೆ ಇಲ್ಲ, ಈಚೆ ಇಲ್ಲ. ಒಮ್ಮೆ ಫೋನಿನಲ್ಲೇ ನೀರಿನ ಸದ್ದು ಕೇಳಿ, "ನಿಮ್ಮ ತೊಟ್ಟಿಯಲ್ಲಿ ಹಲ್ಲಿ ಬಿದ್ದಿದೆ" ಎಂದಳಂತೆ. ಬಿದ್ದಿತ್ತು. ಗಂಡುಹಲ್ಲಿಯೋ ಹೆಣ್ಣುಹಲ್ಲಿಯೋ ಎಂಬುದನ್ನು ಮಾತ್ರ ಹೇಳಲಾಗಲಿಲ್ಲವೆಂದು ಆಕೆಗೆ ಇವತ್ತಿಗೂ ಬೇಜಾರು.

ಇಂಥ ಕಿವಿಗೆ ಎರಡು ವಾರದ ಹಿಂದೆ ಹೊಸ ಹೆಡ್‌ಫೋನು ಬಂತು. ಕಪ್ಪಗೆ ಹೊಳೆಯುವ, ಹಸಿರು ದೀಪ ಮಿನುಗುವ, ಇಕ್ಕಳದಂಥ ಹಿಡಿತದ ಹೆಡ್‌ಫೋನು. ಹಾಕಿಕೊಂಡ ಅರ್ಧ ಗಂಟೆಗೆ ಕಿವಿ ಬೆಂದು ಬದನೆಕಾಯಿ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಆ ಯಂತ್ರ ಒಂದೇ ಸಮನೆ ಬರುವ ಯಾವ ಸದ್ದನ್ನೂ ಕಸವೆಂದು ತಿಳಿದು ಗುಡಿಸಿ ಎಸೆಯುತ್ತಿತ್ತು. ಪೆಟ್ಟಿಗೆಯ ಮೇಲೆ ಅದನ್ನೇ ದೊಡ್ಡ ಗುಣವೆಂದು ಅಚ್ಚು ಹಾಕಿಸಿದ್ದರು. ಮನುಷ್ಯರ ಮಾತು ಕೊಡದೊಳಗಿಂದ ಬಂದಂತೆ ಬರುತ್ತಿತ್ತು. ನೀರಿನ ಸದ್ದಂತೂ ಬರುತ್ತಲೇ ಇರಲಿಲ್ಲ. ಹಳೆಯ ಹೆಡ್‌ಫೋನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಗುಜರಿಯವನು ಬರುವವರೆಗೆಂದು ತೊಟ್ಟಿಯ ಕೆಳಗೆ ತಳ್ಳಿದ್ದರು.

ಎರಡೇ ವಾರದಲ್ಲಿ, ಯಾರು ಎಷ್ಟು ದೂರು ಮುಗಿಸಿದರೆಂದು ತೋರಿಸುವ ಗೋಡೆಯ ಬೋರ್ಡಿನಲ್ಲಿ ಸದಾ ಮೊದಲಿರುತ್ತಿದ್ದ ಕಿವಿಯಕ್ಕನ ಹೆಸರು ಕೊನೆಗೆ ಜಾರಿತು. ಆಕೆ ಮುಗಿಯಿತೆಂದ ದೂರುಗಳು ಮತ್ತೆ ಮತ್ತೆ ಬಂದವು. ಇವತ್ತು ಬೆಳಿಗ್ಗೆ ಕೈಗೊಂದು ಕಾಗದ ಬಂದಿತ್ತು. ಶನಿವಾರದೊಳಗೆ ಸುಧಾರಿಸದಿದ್ದರೆ ಹಳೆಯ ಕಡತಗಳ ಕೋಣೆಗೆ ವರ್ಗ. ಆ ಕೋಣೆಯಲ್ಲಿ ಕೇಳಿಸಿಕೊಳ್ಳಲು ಗೆದ್ದಲಿನ ಸಂಸಾರ ಬಿಟ್ಟರೆ ಬೇರೇನೂ ಇರಲಿಲ್ಲ. ಆಕೆ ಹೆಡ್‌ಫೋನಿನ ಮೇಲೆ ದೂರು ಬರೆದುಕೊಟ್ಟಳು. ಅದಕ್ಕೆ ಉತ್ತರವಾಗಿ ಸಾಹೇಬರು ಟೇಪು ಹಿಡಿದು ಬಂದಿದ್ದರು.

"ಸಾರ್, ಒಂದು ಕೇಳ್ತೀನಿ," ಎಂದಳು ಕಿವಿಯಕ್ಕ. ದನಿ ತಣ್ಣಗಿತ್ತು. ಅದು ತಣ್ಣಗಾದಾಗ ಹಜಾರದಲ್ಲಿ ಎಲ್ಲರೂ ಕಾಲು ಮಡಚಿ ಕೂರುತ್ತಿದ್ದರು. "ಇದನ್ನ ಆರಿಸೋವಾಗ ನೀವು ಎಷ್ಟು ಹೊತ್ತು ಹಾಕ್ಕೊಂಡಿದ್ರಿ?"

"ಒಂದು ಪೂರ್ತಿ ಹಾಡು ಕೇಳಿದೀನಮ್ಮ, ಕಣ್ಣು ಮುಚ್ಚಿ. ಆಹಾ! ಡ್ರಮ್ಮು ಎದೆಗೇ ಬಂದು ಬಡಿಯುತ್ತೆ."

"ನಮಗೆ ಫೋನ್ ಮಾಡೋರು ಡ್ರಮ್ಮು ಬಾರಿಸಲ್ಲ ಸಾರ್, ಬಾಯಿ ಬಡ್ಕೋತಾರೆ. ನಾಲ್ಕು ನಿಮಿಷದ ಹಾಡು ಕೇಳಿ ಎಂಟು ಗಂಟೆ ದುಡಿಯೋರ ತಲೆಗೆ ಇದನ್ನ ಸಿಗಿಸಿದ್ರಲ್ಲ, ಇನ್ನು ಚಪ್ಪಲಿ ಕೊಳ್ಳೋವಾಗ ಕೈಗೆ ಹಾಕ್ಕೊಂಡು ನೋಡ್ತೀರಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರ ಮುಖ ಕೆಂಪಾಯಿತು. "ನೋಡಿಯಮ್ಮ, ಆಯ್ಕೆ ಮಾಡೋಕೆ ಒಂದು ಸಮಿತಿ ಇತ್ತು."

"ಆ ಸಮಿತಿಯಲ್ಲಿ ಈ ಕುರ್ಚಿ ಮೇಲೆ ಕೂರೋ ಒಂದಾದ್ರೂ ತಲೆ ಇತ್ತಾ? ಹೋಗ್ಲಿ ಬಿಡಿ, ಈಗ ಕೂತ್ಕೊಳ್ಳಿ. ನನ್ನ ಕುರ್ಚಿ, ಒಂದೇ ಒಂದು ಗಂಟೆ. ನಿಮ್ಮ ತಲೆ ಚಾರ್ಟಿನೊಳಗಿದೆ ತಾನೇ?"

ಇಪ್ಪತ್ತು ಜನ ನೋಡುತ್ತಿದ್ದರು. ಬೇಡವೆನ್ನಲು ಸಾಹೇಬರಿಗೆ ಮೀಸೆ ಅಡ್ಡ ಬಂತು. ಕೂತರು. ತೆರೆಯ ಮೇಲಿನ ಅಕ್ಷರ ಕಾಣಲೆಂದು ಓದುವ ಕನ್ನಡಕ ಹಾಕಿಕೊಂಡರು, ಅದರ ಮೇಲೆ ಹೆಡ್‌ಫೋನು. ಐದನೇ ನಿಮಿಷಕ್ಕೆ ಒಮ್ಮೆ ಕಡ್ಡಿ ಸರಿಸಿದರು. ಹತ್ತನೆಯದಕ್ಕೆ ಎರಡು ಸಲ. ಇಪ್ಪತ್ತಕ್ಕೆ ಬರುವ ಹೊತ್ತಿಗೆ ಅವರ ಕಿವಿಯಿಂದ ಹೊರಟ ಶಾಖದಲ್ಲಿ ಒಂದು ಮನೆಯ ಬಟ್ಟೆ ಒಣಗಿಸಬಹುದಿತ್ತು.

ಕಿವಿಯಕ್ಕ ಸುಮ್ಮನೆ ಹೋಗಿ ತೊಟ್ಟಿಯ ಕೆಳಗಿನ ಪೆಟ್ಟಿಗೆಗೆ ಕೈಹಾಕಿ, ನೋಡದೆಯೇ ತನ್ನದನ್ನು ಹುಡುಕಿ ತೆಗೆದಳು. ಮಗಳ ಹಳೆಯ ಫ್ರಾಕಿನ ನೀಲಿ ಚೌಕುಳಿ ಬಟ್ಟೆಯಿಂದ ಆಕೆಯೇ ಹೊಲಿದಿದ್ದ ಗವಸು ಅದಕ್ಕಿತ್ತು. ಕೆಲಸ ಕಲಿಸುವವರಿಗೆಂದು ಫೋನಿಗಿದ್ದ ಎರಡನೇ ತೂತಿಗೆ ಅದರ ವೈರು ಸಿಕ್ಕಿಸಿ, ಸಾಹೇಬರ ಪಕ್ಕದಲ್ಲೇ ಕೂತಳು.

ಆಗ ಒಬ್ಬ ಮುದುಕರ ಫೋನು ಬಂತು. ಎರಡು ದಿನದಿಂದ ನೀರು ಸಣ್ಣಗೆ ಬರುತ್ತಿದೆ, ಬೇರೇನಿಲ್ಲ, ಎಂದರು.

"ಪೈಪಿಗೆ ಹಿಡಿಯೋಕೆ ಹೇಳಿ," ಎಂದು ಕಿವಿಯಕ್ಕ ಸಾಹೇಬರಿಗೆ ಸನ್ನೆ ಮಾಡಿದಳು. ಸಾಹೇಬರು ಹೇಳಿದರು. ಕಣ್ಣು ಮುಚ್ಚಿ ಆಲಿಸಿದರು.

"ಏನೂ ಸದ್ದಿಲ್ಲ. ನಿಶ್ಶಬ್ದ. ಸೋರಿಕೆ ಇಲ್ಲ ಯಜಮಾನ್ರೇ, ನಿಮ್ಮ ದೂರು ಮುಗಿಸ್ತಿದ್ದೀನಿ," ಎಂದು ಅವರು ಗುಂಡಿಯ ಕಡೆ ಬೆರಳು ಒಯ್ಯುವುದಕ್ಕೂ ಕಿವಿಯಕ್ಕ ಅವರ ಕೈ ಹಿಡಿಯುವುದಕ್ಕೂ ಸರಿಹೋಯಿತು. ಆಕೆಯ ಕಿವಿಯಲ್ಲಿ ಗೋಡೆ ಅಳುತ್ತಿತ್ತು. ಸುಯ್ ಎನ್ನುವುದು ಅದರ ಮೇಲಿನ ಪದರ. ಅದರ ಅಡಿಯಲ್ಲಿ, ನೆಂದ ಗಾರೆಯೊಳಗೆ ನೀರು ದಾರಿ ಮಾಡಿಕೊಳ್ಳುವಾಗ ಬರುವ ಮೆತ್ತನೆಯ ಕುದಿತ.

"ಯಜಮಾನ್ರೇ, ಆ ಗೋಡೆ ಪಕ್ಕ ಯಾರಿದ್ದಾರೆ?"

"ನನ್ನ ಹೆಂಡ್ತಿ ಮಲಗಿದ್ದಾಳಮ್ಮ. ಎದ್ದು ಓಡಾಡೋ ಹಾಗಿಲ್ಲ."

"ಮಂಚಕ್ಕೆ ಗಾಲಿ ಇದೆಯಾ? ಎಳೀರಿ. ಈಗಲೇ. ಫೋನು ಅಲ್ಲೇ ಇಡಿ. ಮಂಚ ಬಾಗಿಲವರೆಗೂ ಬರಲಿ, ಆಮೇಲೆ ವಾಲ್ವು."

ಗಾಲಿ ಕಿರುಗುಟ್ಟಿತು. ಒಂದು ಹೆಣ್ಣುದನಿ ಬೈಯಿತು. ಮುದುಕರ ಏದುಸಿರು ದೂರವಾಯಿತು.

ಧಡ್!

ಈ ಸದ್ದು ಮಾತ್ರ ಸಾಹೇಬರ ಹೆಡ್‌ಫೋನಿನಲ್ಲಿ ಅದ್ಭುತವಾಗಿ ಕೇಳಿಸಿತು. ಎದೆಗೇ ಬಂದು ಬಡಿಯಿತು. ಅವರು ಕುರ್ಚಿಯಿಂದ ಒಂದಡಿ ಮೇಲೆ ಹಾರಿ ಕೂತರು.

ಒಂದು ಯುಗ ಕಳೆದ ಮೇಲೆ ಮುದುಕರ ದನಿ ಬಂತು. "ಗಾರೆ ಬಿತ್ತಮ್ಮ. ಮಂಚ ಇದ್ದ ಜಾಗಕ್ಕೇ. ಇವಳು ಚೆನ್ನಾಗಿದ್ದಾಳೆ. ನಿದ್ದೆ ಕೆಡಿಸಿದೆ ಅಂತ ನನ್ನನ್ನೇ ಬೈತಿದ್ದಾಳೆ."

ವಾಲ್ವು ಮುಚ್ಚಿಸಿ, ರಿಪೇರಿಯವರಿಗೆ ವಿಳಾಸ ಕಳಿಸಿ ಕಿವಿಯಕ್ಕ ಫೋನಿಟ್ಟಳು. ಸಾಹೇಬರು ಕರವಸ್ತ್ರದಿಂದ ಮುಖ ಒರೆಸಿಕೊಂಡು, ದೊಡ್ಡ ಮನಸ್ಸು ಮಾಡಿದವರಂತೆ ಹೇಳಿದರು. "ಆಯ್ತಮ್ಮ. ನಿಮಗೊಬ್ಬರಿಗೆ ಹಳೇದನ್ನೇ ಇಟ್ಕೊಳ್ಳೋಕೆ ಬರೆದುಕೊಡ್ತೀನಿ. ವರ್ಗಾನೂ ಬೇಡ. ತಲೆ ಅಳತೆ ಮೀರಿದೆ ಅಂತ ಕಾರಣ ಹಾಕಿದ್ರೆ ಸಾಕು."

ಅಲ್ಲಿಯವರೆಗೆ ಆಕೆಗೆ ಬಂದದ್ದು ಕೋಪವೇ ಅಲ್ಲ, ಕೋಪದ ಪೀಠಿಕೆ.

"ನನಗೊಬ್ಬಳಿಗೆ ಭಿಕ್ಷೆ ಹಾಕ್ತೀರಾ?" ಆಕೆ ಎದ್ದು ನಿಂತಳು. "ಆ ಮುದುಕರ ಫೋನು ಪಕ್ಕದ ಸೀಟಿಗೆ ಹೋಗಿದ್ರೆ? ಈ ಹುಡುಗಿ ನಿಮ್ಮ ಡ್ರಮ್ಮು ಕೇಳಿಸ್ಕೊಂಡು ಕೂತಿರಬೇಕಿತ್ತಾ? ಬರೆಯೋದಾದ್ರೆ ಇಪ್ಪತ್ತು ತಲೆಗೂ ಬರೀರಿ. ಕಾರಣದ ಜಾಗದಲ್ಲಿ ತಲೆ ಅಳತೆ ಹಾಕಬೇಡಿ. ಆರಿಸಿದವರು ಕೇಳಿಸ್ಕೊಳ್ಳಲಿಲ್ಲ ಅಂತ ಹಾಕಿ."

ಸಾಹೇಬರ ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತು. ಆಕೆ ಕಾಯಲಿಲ್ಲ. ತೊಟ್ಟಿಯ ಕೆಳಗಿಂದ ಪೆಟ್ಟಿಗೆಯನ್ನು ದರದರ ಎಳೆದುತಂದು ಹಜಾರದ ನಡುವೆ ಇಟ್ಟಳು. ಮೊದಲು ಎದ್ದವಳು ಕನ್ನಡಕದ ಹುಡುಗಿ. ಆಮೇಲೆ ಹಿಂದಿನ ಸಾಲು. ಯಾರೂ ಹುಡುಕಾಡಲಿಲ್ಲ. ಹಳದಿ ಕಾಲುಚೀಲದ ತುಂಡು ಹೊಲಿದದ್ದು ಒಬ್ಬರದು, ರಬ್ಬರು ಸುತ್ತಿದ್ದು ಇನ್ನೊಬ್ಬರದು. ತಂತಮ್ಮದನ್ನು ಎತ್ತಿಕೊಂಡು, ಧೂಳು ಊದಿ, ಕಿವಿಗೇರಿಸಿ ಕೂತರು. ಹೊಸವು ಮೇಜುಗಳ ಮೇಲೆ ಹಸಿರು ದೀಪ ಮಿನುಗಿಸುತ್ತ ಬಿದ್ದಿದ್ದವು.

ಸಾಹೇಬರು ತಮ್ಮ ತಲೆಯ ಮೇಲಿನದನ್ನು ಎರಡೂ ಕೈಯಿಂದ ಬಿಡಿಸಿಕೊಂಡು ಕುರ್ಚಿ ಬಿಟ್ಟುಕೊಟ್ಟರು. ಕನ್ನಡಕ ತೆಗೆದರು. ಕಿವಿಯ ಮೇಲೆ ಎರಡು ಕೆಂಪು ಗೀರು ಎದ್ದಿದ್ದವು. ಅವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು, ಮೂಲೆಯ ನಲ್ಲಿ ತೊಟ್ಟಿಕ್ಕುವ ಸದ್ದನ್ನು ಮೊದಲ ಸಲ ಕೇಳಿಸಿಕೊಂಡವರಂತೆ ತಲೆ ಓರೆ ಮಾಡಿದರು. ಮೂಲೆಗೆ ನಡೆದು ನಲ್ಲಿಯನ್ನು ತಿರುಗಿಸಿದರು. ನಿಲ್ಲಲಿಲ್ಲ. ಹಲ್ಲು ಕಚ್ಚಿ ಇನ್ನೊಂದು ಸುತ್ತು ತಿರುಗಿಸಿದರು.

"ವಾಷರ್ ಹೋಗಿದೆ ಸಾರ್," ಎಂದಳು ಕಿವಿಯಕ್ಕ, ಬೆನ್ನು ತಿರುಗಿಸಿಕೊಂಡೇ. ಆಗಲೇ ಆಕೆ ಮುಂದಿನ ಫೋನು ಎತ್ತಿದ್ದಳು.

ಸಾಹೇಬರು ನಲ್ಲಿಯ ಕೆಳಗೆ ಅಂಗೈ ಚಾಚಿ ನಿಂತರು. ಒಂದು ಹನಿ ಬಿತ್ತು. ಅವರು ಕೈ ಹಿಂದೆಗೆಯಲಿಲ್ಲ.